ನೆಟ್ಟಗಾದ ಕುತ್ತಿಗೆ

ಸೊಸೆಯ ಕುತ್ತಿಗೆ ತಾನಾಗಿಯೇ ಎಡಕ್ಕೆ ತಿರುಚಿಕೊಳ್ಳತೊಡಗಿದಾಗ ಅತ್ತೆ ಅದನ್ನು ಕೊಬ್ಬು ಎಂದಳು. ಗೌರಿಹಬ್ಬಕ್ಕೆ ಬಂದ ಮುತ್ತೈದೆಯರಿಗೆ ಅವಳು ಮುಖ ಅತ್ತ ಮಾಡಿಕೊಂಡೇ ಕುಂಕುಮ ಕೊಟ್ಟಾಗ, ಎಲ್ಲರೆದುರೇ ತಟ್ಟೆ ಕಿತ್ತುಕೊಂಡಳು. "ನಮ್ಮ ಮುಖ ನೋಡೋಕಾಗದಿದ್ರೆ ತವರಿಗೆ ಹೋಗು" ಅಂದಳು. ಸೊಸೆ ಹೋದಳು.

ಅದು ಡಿಸ್ಟೋನಿಯಾ ಎಂಬ ನರದ ಕಾಯಿಲೆ ಎಂದು ಗೊತ್ತಾದದ್ದು ಆಮೇಲೆ. ತವರಿನವರೇ ಆಪರೇಷನ್ ಮಾಡಿಸಿದರು. ಮಿದುಳಿನೊಳಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಕೂರಿಸಿದರು. ಅದರ ಕರೆಂಟಿಗೆ ಕುತ್ತಿಗೆ ಕೆಲವು ತಿಂಗಳಲ್ಲಿ ಮೆಲ್ಲಗೆ ನೆಟ್ಟಗಾಯಿತು.

ಸೊಸೆ ತಪಾಸಣೆಗೆ ಬಂದ ದಿನ, ಸುದ್ದಿ ಕೇಳಿದ ಅತ್ತೆ ಆಸ್ಪತ್ರೆಗೇ ಬಂದಳು. ಕೈಯಲ್ಲಿ ಕುಂಕುಮದ ಭರಣಿಯಿತ್ತು. ಬೋಳಿಸಿದ್ದ ತಲೆಯಲ್ಲಿ ಇನ್ನೂ ಗಿಡ್ಡ ಕೂದಲಷ್ಟೇ ಬೆಳೆದಿದ್ದ ಸೊಸೆ ಅವಳನ್ನು ನೇರವಾಗಿ ನೋಡಿದಳು. ಅತ್ತೆಯೇ ತಲೆ ತಗ್ಗಿಸಿದಳು.

"ಬೇಕಂತಲೇ ಮಾಡ್ತೀಯ ಅಂದ್ಕೊಂಡಿದ್ದೆ ಕಣೆ."

"ನನ್ನ ಕೈಲಿಲ್ಲ ಅಂತ ಆಗ್ಲೇ ಹೇಳಿದ್ದೆ ಅತ್ತೆ."

"ನೀನು ಹೇಳಿದ್ದೆ. ನಾನು ನಂಬಲಿಲ್ಲ. ಈಗ ನಿನ್ನ ಮುಖ ನೋಡೋಕೂ ನಾಚಿಕೆಯಾಗುತ್ತೆ. ಮನೆಗೆ ಬಾ."

ಅತ್ತೆ ಬೆರಳಲ್ಲಿ ಕುಂಕುಮ ತೆಗೆದು ಅವಳ ಹಣೆಯತ್ತ ಚಾಚಿದಳು. ಸೊಸೆಯ ಮುಖ ಮೆಲ್ಲಗೆ ಎಡಕ್ಕೆ ತಿರುಗಿತು.

ಅತ್ತೆ ಗಾಬರಿಯಾಗಿ ಡಾಕ್ಟರನ್ನು ಕರೆದಳು. "ಮತ್ತೆ ತಿರುಗ್ತು ನೋಡಿ. ಮಷೀನು ಕೆಟ್ಟಿರಬೇಕು."

ಡಾಕ್ಟರು ರಿಮೋಟಿನಂಥದ್ದೊಂದನ್ನು ಸೊಸೆಯ ಎದೆಯ ಹತ್ತಿರ ಹಿಡಿದು ಪರೀಕ್ಷಿಸಿದರು.

"ಮಷೀನು ಸರಿಯಾಗೇ ಇದೆಯಲ್ಲಮ್ಮ."