ಯಾರಿಗೂ ಹೇಳಬೇಡ

ವೈರಸ್ ಹೊತ್ತು ಬಂದ ಇ-ಮೇಲ್‌ಗಳನ್ನು ಬೀದರಿನ ಆ ಕಚೇರಿಯ ಸರ್ವರ್ ಕಳಿಸಿದವರಿಗೇ ವಾಪಸ್ ಮಾಡುತ್ತಿತ್ತು. ವೈರಸ್‌ಗಳೋ, ಯಾರ್‍ಯಾರದೋ ಹೆಸರು ಕದ್ದು ಬರುವಂಥವು. ಏನೂ ಕಳಿಸದವರು ಫೋನ್ ಮಾಡಿ ಬೈಯುತ್ತಿದ್ದರು. ಸರ್ವರ್ ನೋಡಿಕೊಳ್ಳುತ್ತಿದ್ದ ಅಹಲ್ಯಾ ರೋಸಿಹೋಗಿ ನಿಯಮ ಬದಲಿಸಿದಳು: ವೈರಸ್ ಕಂಡರೆ ಅಳಿಸಿಬಿಡು, ಯಾರಿಗೂ ಹೇಳಬೇಡ.

ಮರುತಿಂಗಳು ಮಂಡ್ಯಕ್ಕೆ ವರ್ಗಾವಣೆ ಕೇಳಿದಳು. ಎರಡು ವರ್ಷದ ಮಗಳು ಅಲ್ಲಿದ್ದಳು. ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಸಿ, ಪೆನ್‌ಡ್ರೈವಿನಲ್ಲಿ ತಂದು ಸಾಹೇಬರಿಗೆ ಮೇಲ್ ಮಾಡಿದಳು. ಉತ್ತರವಿಲ್ಲ. ಅದನ್ನೇ ಮತ್ತೆರಡು ಸಲ ಕಳಿಸಿದಳು. ವರ್ಗಾವಣೆ ಪಟ್ಟಿ ಹೊರಬಿದ್ದ ದಿನ ಸಾಹೇಬರ ಕೋಣೆಗೆ ನುಗ್ಗಿದಳು.

"ನನ್ನ ಹೆಸರು ಯಾಕಿಲ್ಲ ಸಾರ್?"

"ನಿಮ್ಮ ಅರ್ಜಿನೇ ಬಂದಿಲ್ರಿ."

"ಮೂರು ಸಲ ಕಳ್ಸಿದೀನಿ!"

"ಒಂದೂ ಬಂದಿಲ್ಲ. ಇನ್ನ ಮುಂದಿನ ಪಟ್ಟಿ ಮೂರು ವರ್ಷಕ್ಕ ನೋಡ್ರಿ."

"ಸುಳ್ಳು ಹೇಳ್ಬೇಡಿ ಸಾರ್. ತಲುಪದಿದ್ರೆ ನನಗೆ ವಾಪಸ್ಸಾದ್ರೂ ಬರ್ಬೇಕಿತ್ತಲ್ವಾ?"

"ಅದನ್ನ ನನಗ ಯಾಕ ಕೇಳ್ತೀರಿ? ನಿಮ್ಮ ಸರ್ವರ್‌ಗೆ ಕೇಳ್ರಿ."

ಅವರ ಮುಖಕ್ಕೆ ಹಿಡಿಯಲೆಂದೇ ಅವಳು ಸರ್ವರಿನ ದಾಖಲೆ ತೆರೆದಳು.

ವೈರಸ್ ಇದ್ದುದಕ್ಕೆ ಅಳಿಸಿಹಾಕಿದ ಮೇಲ್‌ಗಳ ಪಟ್ಟಿಯಲ್ಲಿ ಅವಳ ಹೆಸರು ಮೂರು ಸಲ ಇತ್ತು.