ಆಗ್ಡನ್ ಕುಡಿಯದ ಚಹಾ

ಜಾಹೀರಾತು ಶುರುವಾಗುತ್ತಿದ್ದಂತೆ ವಿನ್ನಿ ಎದ್ದುಹೋಗಿ ಒಲೆಯ ಮೇಲೆ ಕೆಟಲ್ ಇಟ್ಟು ಬಂದು ಕೂತಳು. ಭಾನುವಾರ ಸಂಜೆ ಟಿ.ವಿ.ಯಲ್ಲಿ ಬರುವ ಪತ್ತೇದಾರಿ ಚಿತ್ರಕ್ಕೆ ಆ ಮನೆಯಲ್ಲಿ ಒಂದು ಕಾನೂನಿತ್ತು. ಕೊನೆಯ ಜಾಹೀರಾತಿನ ಬಿಡುವಿನಲ್ಲಿ ಕೆಟಲ್ ಸಿಳ್ಳೆ ಹಾಕುವುದರೊಳಗೆ ಕೊಲೆಗಾರ ಯಾರೆಂದು ಹೇಳಿಬಿಡಬೇಕು. ತಪ್ಪು ಹೇಳಿದವರು ಪಾತ್ರೆ ತೊಳೆಯಬೇಕು. ಪಕ್ಕದ ಮನೆಯ ಆಗ್ಡನ್ ಪೊಲೀಸ್ ಸಾರ್ಜೆಂಟ್ ಆಗಿ ನಿವೃತ್ತರಾದವರು. ಅವರು ಇಲ್ಲಿ ತೊಳೆದ ತಟ್ಟೆಗಳಿಗೆ ಲೆಕ್ಕವಿಲ್ಲ. ವಿನ್ನಿ ಮಾತ್ರ ಈವರೆಗೆ ಒಂದು ಚಮಚವನ್ನೂ ತೊಳೆದವಳಲ್ಲ.

ಅವಳ ವಿದ್ಯೆ ಬಹಳ ಸರಳವಾದದ್ದು. ಸುಳಿವು, ಬೆರಳಚ್ಚು ಯಾವುದನ್ನೂ ನೋಡುತ್ತಿರಲಿಲ್ಲ. ಚಿತ್ರದ ಬಂಗಲೆಗೆ ಬಂದ ಅತಿಥಿಗಳಲ್ಲಿ ಹೆಸರು ಮಾಡಿದ ನಟ ಯಾರೋ ಅವನೇ ಕೊಲೆಗಾರ. ಅಷ್ಟು ದೊಡ್ಡವನನ್ನು ಲಂಡನ್ನಿನಿಂದ ಕರೆಸಿ ಸುಮ್ಮನೆ ಸೂಪು ಕುಡಿಸಿ ಕಳಿಸುತ್ತಾರೆಯೇ ಎಂದು ಕೇಳುತ್ತಿದ್ದಳು. ಅಪರಾಧ ವಿಭಾಗದಲ್ಲಿ ತಲೆ ನರೆಸಿಕೊಂಡ ಆಗ್ಡನ್‌ಗೆ ಇದು ದೊಡ್ಡ ಅವಮಾನವಾಗಿತ್ತು. ಆದರೂ ಪ್ರತಿ ಭಾನುವಾರ ತಪ್ಪದೆ ಬಂದು ಕೂರುತ್ತಿದ್ದರು.

ಇಬ್ಬರ ನಡುವೆ ಕೂತಿದ್ದ ವಿನ್ನಿಯ ಗಂಡ ಸೆಡ್ರಿಕ್‌ಗೆ ಇವತ್ತು ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವನು ಇಂಥ ಚಿತ್ರಗಳಲ್ಲಿ ಬಟ್ಲರ್‌ನ ಪಾತ್ರ ಮಾಡುತ್ತ ಮುದುಕನಾದವನು. ಬಾಗಿಲು ತೆರೆಯುವುದು, ಕೋಟು ಇಸಿದುಕೊಳ್ಳುವುದು, ಚಹಾದ ತಟ್ಟೆ ಹಿಡಿದು ಬಗ್ಗುವುದು, ಇಷ್ಟೇ ಅವನ ನಟನೆ. ಇವತ್ತಿನ ಚಿತ್ರದಲ್ಲೂ ಬಟ್ಲರನೇ. ಆದರೆ ಈ ಸಲ ಮುದಿ ದೊರೆಯ ಚಹಾಕ್ಕೆ ವಿಷ ಬೆರೆಸಿದವನು ಆ ಬಟ್ಲರ್. ಯಾರಿಗೂ ಹೇಳಬಾರದೆಂದು ಚಿತ್ರದವರು ಮಾತು ತೆಗೆದುಕೊಂಡಿದ್ದರಿಂದ ವಸಂತಕಾಲದಿಂದಲೂ ಆ ಗುಟ್ಟನ್ನು ಹೆಂಡತಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಒಂದೇ ಒಂದು ಸಲ, ಯಾರಾದರೊಬ್ಬರು ತನ್ನ ಮೇಲೆ ಅನುಮಾನಪಡಲಿ ಎಂಬುದು ಅವನ ಆಸೆ.

ಆಗ್ಡನ್ ಗಂಟಲು ಸರಿಮಾಡಿಕೊಂಡು ದೊರೆಯ ಅಳಿಯನೇ ಕೊಲೆಗಾರ ಎಂದು ತೀರ್ಪು ಕೊಟ್ಟರು. ಬೂಟಿಗೆ ಕೆಸರು ಮೆತ್ತಿತ್ತಂತೆ. ಸೆಡ್ರಿಕ್ ತಡೆಯಲಾರದೆ, ಬಟ್ಲರ್ ಯಾಕಾಗಿರಬಾರದು ಎಂದು ಮೆಲ್ಲಗೆ ಕೇಳಿದ.

"ನೀನಾ?" ಆಗ್ಡನ್ ಹೊಟ್ಟೆ ಕುಣಿಸಿ ನಕ್ಕರು. "ಬಟ್ಲರೇ ಕೊಂದ ಅನ್ನೋದು ನಮ್ಮಜ್ಜನ ಕಾಲದ ತಮಾಷೆ ಕಣಯ್ಯ. ಈಗ ಹಾಗೆ ಬರೆದ್ರೆ ಜನ ಟಿ.ವಿ. ಆರಿಸಿ ಮಲಗ್ತಾರೆ. ಅಲ್ಲದೆ ನಿನ್ನ ಮುಖ ನೋಡು, ಮಹರಾಯ. ನೊಣ ಹೊಡೆದ್ರೂ ಅದರ ಹತ್ರ ಕ್ಷಮೆ ಕೇಳೋ ಮುಖ."

ಸೆಡ್ರಿಕ್ ಹೆಂಡತಿಯ ಕಡೆ ತಿರುಗಿದ. ವಿನ್ನಿ ಹೆಣಿಗೆಯಿಂದ ತಲೆ ಎತ್ತಲಿಲ್ಲ. ಡಾಕ್ಟರನ ಪಾತ್ರಕ್ಕೆ ಅಷ್ಟು ಹೆಸರುವಾಸಿ ನಟನನ್ನು ಹಾಕಿದ್ದಾರೆ, ಇನ್ನು ಕೇಳುವುದೇನಿದೆ ಎಂದಳು. ಕೆಟಲ್ ಸಿಳ್ಳೆ ಹಾಕಿತು. ಸೆಡ್ರಿಕ್‌ಗೆ ಪಿಚ್ಚೆನಿಸಿತು. ಎದ್ದುಹೋಗಿ ಎಂದಿನಂತೆ ತಾನೇ ಚಹಾ ಮಾಡಿ ತಂದು, ಬೆನ್ನು ಬಗ್ಗಿಸಿ ಇಬ್ಬರಿಗೂ ಕೊಟ್ಟ. ಆಗ್ಡನ್‌ಗೆ ಚಹಾ ಆರಿಸಿಯೇ ಕುಡಿಯುವ ಅಭ್ಯಾಸ. ಕಪ್ಪನ್ನು ಪಕ್ಕಕ್ಕಿಟ್ಟುಕೊಂಡು ಕೂತರು.

ಕೊನೆಯ ಭಾಗ ಬಂತು. ಪತ್ತೇದಾರ ಎಲ್ಲರನ್ನೂ ಬಂಗಲೆಯ ಗ್ರಂಥಾಲಯದಲ್ಲಿ ಸೇರಿಸಿದ. ಅಳಿಯ ಬೆವರಿದ, ಡಾಕ್ಟರ್ ಕೂಗಾಡಿದ. ಪತ್ತೇದಾರ ಅವರಿಬ್ಬರನ್ನೂ ದಾಟಿ ಹೋಗಿ ಬಾಗಿಲ ಬಳಿ ನಿಂತಿದ್ದ ಬಟ್ಲರನ ಮುಂದೆ ನಿಂತ. ಬಟ್ಲರ್ ತಟ್ಟೆಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ಜೀವಮಾನದಲ್ಲಿ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ, ತಣ್ಣಗೆ ನಕ್ಕ. ಆ ನಗು ನೋಡಿ ಸೆಡ್ರಿಕ್‌ಗೇ ಮೈ ಜುಂ ಎಂದಿತು.

ಅದೇ ಹೊತ್ತಿಗೆ ಆಗ್ಡನ್ ಕಪ್ಪನ್ನು ತುಟಿಯವರೆಗೆ ಎತ್ತಿದ್ದರು. ಟಿ.ವಿ.ಯ ಕಡೆ ನೋಡಿದರು, ಪಕ್ಕದಲ್ಲಿದ್ದ ಸೆಡ್ರಿಕ್‌ನ ಕಡೆ ನೋಡಿದರು. ಆಮೇಲೆ ಬಹಳ ಜೋಪಾನವಾಗಿ ಕಪ್ಪನ್ನು ಸಾಸರಿನ ಮೇಲೆ ಇಳಿಸಿದರು. ಈ ಹೊತ್ತಿನಲ್ಲಿ ಚಹಾ ಕುಡಿದರೆ ನಿದ್ದೆ ಬರುವುದಿಲ್ಲ, ಬೆಕ್ಕಿಗೆ ಊಟ ಹಾಕಬೇಕು ಎಂದು ಏನೇನೋ ಗೊಣಗಿ, ಪಾತ್ರೆಯ ಮಾತನ್ನೂ ಎತ್ತದೆ ಹೊರಟೇಬಿಟ್ಟರು. ಸೆಡ್ರಿಕ್ ಎಂದಿನ ಅಭ್ಯಾಸದಂತೆ ಕೋಟು ಹಿಡಿದರೆ ಅದನ್ನು ಕಸಿದುಕೊಂಡು ಬೀದಿಯಲ್ಲೇ ತೊಟ್ಟುಕೊಂಡರು.

ಸೆಡ್ರಿಕ್‌ನ ಖುಷಿಗೆ ಪಾರವಿರಲಿಲ್ಲ. ಯಾರೂ ಮುಟ್ಟದ ಆ ಕಪ್ಪನ್ನು ಬಹುಮಾನದಂತೆ ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದ. ವಿನ್ನಿ ಅಂಗಿಯ ತೋಳು ಮಡಚಿಕೊಂಡು, ಹಾಡು ಗುನುಗುತ್ತ, ಒಬ್ಬಳೇ ತಟ್ಟೆ ತೊಳೆಯುತ್ತಿದ್ದಳು. ಸೋತವಳ ಮುಖ ಅದಾಗಿರಲಿಲ್ಲ.

"ವಿನ್ನಿ, ನಿಜ ಹೇಳು. ನಿಂಗೆ ಗೊತ್ತಿತ್ತು."

"ಶುರುವಾದ ಸ್ವಲ್ಪ ಹೊತ್ತಿಗೇ ಗೊತ್ತಾಯ್ತು. ಇಷ್ಟು ವರ್ಷ ನಿನ್ನ ಕೈ ತೋರ್ಸೋರು, ಬೆನ್ನು ತೋರ್ಸೋರು. ಇವತ್ತು ನೀನು ಬಾಗಿಲು ಹಾಕಿದ ಮೇಲೂ ಕ್ಯಾಮೆರಾ ನಿನ್ನ ಮುಖದ ಮೇಲೇ ನಿಂತಿತ್ತು. ಬಟ್ಲರನ ಮುಖಾನ ಯಾರು ಸುಮ್ಸುಮ್ನೆ ಅಷ್ಟು ಹೊತ್ತು ತೋರಿಸ್ತಾರೆ?"

"ಮತ್ತೆ ಡಾಕ್ಟರ್ ಅಂದ್ಯಲ್ಲ?"

"ನಿನ್ನ ಹೆಸ್ರು ಹೇಳಿದ್ರೆ ಆಗ್ಡನ್ ಆಗ್ಲೇ ಹುಷಾರಾಗ್ತಿದ್ರು. ಅವರು ಬೆಚ್ಚಿಬಿದ್ದಿದ್ದು ನಿಂಗೆ ನೋಡೋಕೆ ಸಿಗ್ತಿತ್ತಾ? ಅದಕ್ಕೆ ಒಂದು ರಾಶಿ ಪಾತ್ರೆ ಏನು ಮಹಾ."

ಸೆಡ್ರಿಕ್‌ಗೆ ಕಣ್ಣು ಮಂಜಾಯಿತು. ವಿನ್ನಿ ಕೈ ಒರೆಸಿಕೊಂಡು ಅವನ ಕೈಯಲ್ಲಿದ್ದ ಕಪ್ಪನ್ನು ತೆಗೆದುಕೊಂಡಳು. ಚೆಲ್ಲುತ್ತಾಳೆ ಎಂದುಕೊಂಡ. ಅವಳು ಅದನ್ನು ಎತ್ತಿ ಕೊನೆಯ ಹನಿಯವರೆಗೂ ಕುಡಿದು, ಕಪ್ಪನ್ನು ನೀರಿಗೆ ಹಾಕಿದಳು.

"ಕೊಲೆ ಮಾಡೋ ಗಡಿಬಿಡೀಲಿ ಸಕ್ಕರೆ ಹಾಕೋದೇ ಮರೆತಿದ್ದೀಯ."