ಕೇಳಿಸಿದ ಮಾತು

"ದಿನಾ ಡಬ್ಬಿ ತೆಗೆದವಳೇ ಸೀದಾ ಕಸದ ಬುಟ್ಟಿಗೆ ಸುರಿದು ಬರ್ತಾಳಂತೆ ಸಾರ್. ಇವತ್ತು ಆಯಾ ಕೈಗೆ ಸಿಕ್ಕಿಬಿದ್ಲು."

ರಮ್ಯ ಮಿಸ್ ಹೇಳಿದ್ದನ್ನು ಮಧುಕುಮಾರ್‌ಗೆ ನಂಬಲಾಗಲಿಲ್ಲ. ಶಾಲೆಯಿಂದ ಫೋನ್ ಬಂತೆಂದು ಅತ್ತಿಗುಪ್ಪೆಯ ತನ್ನ ಎಲೆಕ್ಟ್ರಿಕಲ್ ಅಂಗಡಿಯ ಷಟರ್ ಎಳೆದು ಹಾಗೇ ಓಡಿಬಂದಿದ್ದ. ಒಂದನೇ ಕ್ಲಾಸಿನ ಮಗಳು ಕೀರ್ತನಾ ಮೂಲೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಅವಳ ಪಕ್ಕ ಕೂತು ಕೇಳಿದ.

"ಯಾಕೆ ಪುಟ್ಟಿ? ಚಿತ್ರಾನ್ನ ಅಂದ್ರೆ ನಿಂಗಿಷ್ಟ ತಾನೇ?"

"ಅಮ್ಮ ಕೊಟ್ಟಿದ್ದು ತಿನ್ಬೇಡ ಅಂತ ನೀನೇ ಹೇಳಿದ್ಯಲ್ಲಪ್ಪ."

"ಮತ್ತೆ ಮನೇಲಿ ತಿಂತೀಯಲ್ಲ?"

"ಮನೇಲಿ ನೀನು ಮೊದಲು ತಿಂತೀಯ. ನಿಂಗೇನೂ ಆಗಲ್ಲ. ಆಮೇಲೆ ನಾನು ತಿಂತೀನಿ."

ಹೇಳಿದ್ದು ನಿಜ. ಹೋದ ವರ್ಷ ಶ್ರಾವಣದಲ್ಲಿ ಅವನ ಹೆಂಡತಿ ಚೈತ್ರ ಇದ್ದಕ್ಕಿದ್ದಂತೆ ಬದಲಾಗಿದ್ದಳು. ಪಕ್ಕದ ಮನೆಯವರು ಗೋಡೆಯಾಚೆ ನಿಂತು ಹಗಲೆಲ್ಲ ತನ್ನನ್ನೇ ಆಡಿಕೊಳ್ಳುತ್ತಾರೆ ಎನ್ನುವಳು. ಸಂಪಿನ ನೀರಿಗೆ ಯಾರೋ ಏನೋ ಬೆರೆಸಿದ್ದಾರೆಂದು, ಮಾಡಿಟ್ಟ ಸಾರನ್ನೆಲ್ಲ ಬಚ್ಚಲಿಗೆ ಚೆಲ್ಲುವಳು. ನಾಳೆ ಇವಳೇ ಏನಾದರೂ ಬೆರೆಸಿಬಿಟ್ಟರೆ ಎಂದು ಮಧು ಹೆದರಿಹೋದ. ಅಡುಗೆಮನೆಯ ಬಾಗಿಲ ಹೊರಗೆ ಮಗಳನ್ನು ನಿಲ್ಲಿಸಿಕೊಂಡು, ಅಮ್ಮನ ಕೈಯಿಂದ ಏನೂ ತಿನ್ನಬೇಡ, ನೋಡಿಕೊಳ್ಳಲು ಊರಿಂದ ಬಂದಿದ್ದ ಅಜ್ಜಿ ಕೊಟ್ಟರೆ ಮಾತ್ರ ತಿನ್ನು ಎಂದು ಆಣೆ ಹಾಕಿಸಿಕೊಂಡ.

ಅದಾದ ವಾರಕ್ಕೆ ಡಾಕ್ಟರ ಹತ್ತಿರ ಹೋದರು. "ಸದ್ಯಕ್ಕೆ ಇದನ್ನ ಸ್ಕಿಜೋಫ್ರೆನಿಫಾರ್ಮ್ ಅಂತೀವಿ," ಎಂದರು ಅವರು. "ಸ್ಕಿಜೋಫ್ರೆನಿಯಾ ಥರಾನೇ ಕಾಣುತ್ತೆ. ಆದ್ರೆ ಆರು ತಿಂಗಳೊಳಗೆ ಪೂರ್ತಿ ಹುಷಾರಾಗೋರೂ ಇದಾರೆ. ಅವರಿಗೆ ಆ ಮಾತೆಲ್ಲ ನಿಜವಾಗ್ಲೂ ಕೇಳಿಸುತ್ತೆ, ವಾದ ಮಾಡ್ಬೇಡಿ. ಮನೇಲಿ ದೂರ ಇಡ್ಬೇಡಿ." ಮಾತ್ರೆ ಹಿಡಿಯಿತು. ನಾಲ್ಕನೇ ತಿಂಗಳಿಗೆ ಗೋಡೆಯಾಚೆಯ ಮಾತು ನಿಂತಿತು. ಸಂಕ್ರಾಂತಿಗೆ ಚೈತ್ರ ರೇಷ್ಮೆ ಸೀರೆ ಉಟ್ಟು ಅದೇ ಪಕ್ಕದ ಮನೆಗೆ ಎಳ್ಳು ಬೀರಿ ಬಂದಳು. ಅಜ್ಜಿ ಊರಿಗೆ ಹೊರಟರು. ಎಲ್ಲ ಮೊದಲಿನಂತಾಯಿತು ಎಂದುಕೊಂಡ ಮಧುಗೆ, ಮಗಳಿಗೆ ಹಾಕಿದ ಆಣೆ ಬಿಡಿಸಬೇಕೆಂಬುದು ಮಾತ್ರ ಹೊಳೆಯಲೇ ಇಲ್ಲ.

"ಅಮ್ಮಂಗೆ ಈಗ ಹುಷಾರಾಗಿದೆ ಪುಟ್ಟಿ. ಅಪ್ಪ ಅವತ್ತು ತಪ್ಪು ಹೇಳಿಬಿಟ್ಟೆ," ಎಂದ. ಕೀರ್ತನಾ ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ.

ಮನೆಗೆ ಬಂದಾಗ ಚೈತ್ರ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. "ಇದೇನ್ರೀ, ಇಷ್ಟು ಬೇಗ?" ಎಂದು ನಕ್ಕಳು. ಮಗಳು ರೂಮಿಗೆ ಹೋಗುವವರೆಗೆ ಕಾದು, ಮಧು ಅವಳೆದುರು ಕೂತ. ಮುಚ್ಚಿಡಬಹುದಿತ್ತು, ಶಾಲೆಯಿಂದ ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದ. ಆಗಲಿಲ್ಲ. ಮಿಸ್ ಹೇಳಿದ್ದು, ಮಗಳು ಹೇಳಿದ್ದು, ಕೊನೆಗೆ ತಾನು ಅಂದು ಹೇಳಿದ್ದು, ಎಲ್ಲ ತಡವರಿಸುತ್ತ ಹೇಳಿ ಮುಗಿಸಿದ.

ಚೈತ್ರಳ ಕೈ ನಿಂತಿತು. ಆಮೇಲೆ ನಿಧಾನವಾಗಿ ಕೇಳಿದಳು.

"ಅಡುಗೆಮನೆ ಬಾಗಿಲ ಹೊರಗೆ ನಿಂತು ಹೇಳಿದ್ರಿ, ಅಲ್ವಾ?"

"ನಿಂಗೆ... ನಿಂಗೆ ಹೇಗೆ ಗೊತ್ತು?"

"ಒಳಗಡೆ ಇದ್ದೆ. ಕೇಳಿಸ್ತು." ಅವಳು ಅವನ ಮುಖ ನೋಡಲಿಲ್ಲ. "ಆವಾಗ ಇಲ್ಲದ್ದೆಲ್ಲ ಕೇಳಿಸ್ತಿತ್ತಲ್ಲ ರೀ. ಹುಷಾರಾದ ಮೇಲೆ, ಇದೂ ಅದ್ರಲ್ಲೇ ಒಂದು ಅಂದ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ."